ಬೋರಮ್ಮ ಬೆಳಗಿದ ಬಾನೆಟ್ಟು

1
ಹೇಗೆ ಶುರು ಮಾಡುವುದು? ಬೇಲೂರಿನ ಶಿಲಾಬಾಲಿಕೆಯಿಂದ ಎಂದುಕೊಂಡ ಕತೆಗಾರ. ಈ ಸೀಮೆಯವರು ಏನು ಬರೆಯಲು ಕೂತರೂ ಮೊದಲ ಸಾಲಿಗೆ ಅವಳೇ ಬಂದು ನಿಲ್ಲುತ್ತಾಳೆ. ಒಂದು ಪುಟ ಬರೆದ. ಹೇಳಬೇಕಿದ್ದದ್ದು ಒಂದು ಕಾರಿನ ಕತೆ, ಆ ಕಾರು ಬರಲೇ ಇಲ್ಲ. ಹರಿದು ಹಾಕಿದ.

2
ಕಾರು ಶಿವಪ್ರಕಾಶನದು. ಅರಸೀಕೆರೆಯಲ್ಲಿ ಹೈಸ್ಕೂಲು ಮೇಷ್ಟ್ರು, ಮನೆ ಹಾರನಹಳ್ಳಿ. ಕಪ್ಪು ಬಣ್ಣದ ಹೊಸ ಕಾರನ್ನು ಮಾಲೇಕಲ್ಲು ತಿರುಪತಿ ದೇವಸ್ಥಾನಕ್ಕೆ ಒಯ್ದು ಪೂಜೆ ಮಾಡಿಸಿ, ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮದ ಸ್ವಸ್ತಿಕ ಬರೆಸಿಕೊಂಡು ಬಂದ. ಅದು ಒಣಗಿ ಅಂಟಿಕೊಂಡಿತು. ಮಾರನೆಯ ದಿನ ಅವನು ಸ್ಕೂಲಿಗೆ ಬಸ್ಸಿನಲ್ಲಿ ಹೋದಾಗ (ಹೊಸ ಕಾರಿಗೆ ಧೂಳು ಕೂರಬಾರದಲ್ಲ), ತಾಯಿ ಬೋರಮ್ಮ ತೆಂಗಿನ ನಾರು, ಪಾತ್ರೆ ತೊಳೆಯುವ ಪುಡಿ ಹಿಡಿದು ಬಂದಳು. ಹಿತ್ತಾಳೆ ಬಿಂದಿಗೆ ಬೆಳಗುವ ಹಾಗೆ ಬಾನೆಟ್ಟು ಬೆಳಗಿದಳು. ಸಂಜೆ ಮಗ ಬಂದೊಡನೆ ಕರೆದು ತೋರಿಸಿದಳು.

"ನೋಡ್ಲಾ ಮಗಾ, ಹೆಂಗೆ ಫಳಫಳ ಅಂತೈತೆ. ಇನ್ಮ್ಯಾಕೆ ಶುಕ್ರವಾರ ಶುಕ್ರವಾರ ನಾನೇ ತೊಳೀತೀನಿ."

ಒದ್ದೆ ಬಾನೆಟ್ಟು ಹೊಳೆಯುವುದಷ್ಟೇ ಅವಳ ಮಂಜುಗಣ್ಣಿಗೆ ಕಂಡಿತ್ತು. ಒಣಗಿದ ಮೇಲೆ ಅದರ ತುಂಬ ಜೇಡರ ಬಲೆಯ ಹಾಗೆ ಗೀರುಗಳು.

3
ಇಲ್ಲಿ ಶಿವಪ್ರಕಾಶ ಕೂಗಾಡಬೇಕು. ಕತೆಗೆ ಒಂದು ಜಗಳ ಬೇಕು ಎಂದು ಕತೆಗಾರ ಪೀಡಿಸಿದ.

"ಬೇಕಾದ್ರೆ ನೀವೇ ಕೂಗಾಡಿ ಸಾರ್," ಎಂದ ಶಿವಪ್ರಕಾಶ. "ಅಪ್ಪ ಹೋದ್ಮೇಲೆ ಅಮ್ಮ ಇಷ್ಟು ಖುಷಿಯಾಗಿ ಮಾತಾಡಿದ್ದು ಇವತ್ತೇ."

ಕತೆಗಾರನಿಗೆ ನಾಚಿಕೆಯಾಯಿತು. (ಒಳಗೊಳಗೇ ಅಂದುಕೊಂಡ: ಈ ಮೇಷ್ಟ್ರು ಹೇಡಿ.)

4
ಸರ್ವಿಸ್ ಎಂದು ಸುಳ್ಳು ಹೇಳಿ ಶಿವಪ್ರಕಾಶ ಕಾರನ್ನು ಅರಸೀಕೆರೆಗೆ ತಂದ. ಪಾಲಿಶ್ ಮಾಡುವ ದೀಪಕ್ ಬಾನೆಟ್ಟು ಸವರಿ ನೋಡಿದ.

"ಗೀರು ಬಣ್ಣದ ಮೇಲಿನ ಕೋಟಲ್ಲಷ್ಟೇ ಐತೆ ಸಾರ್. ಮೆಷಿನ್ ಹಿಡಿದ್ರೆ ಹೋಗುತ್ತೆ. ಆದ್ರೆ ಪಾಲಿಶ್ ಮಾಡ್ದಂಗೆಲ್ಲ ಆ ಕೋಟೂ ತೆಳ್ಳಗಾಗುತ್ತೆ. ತೊಳೆಯೋರಿಗೆ ಹೇಳಿ ಮೊದ್ಲು."

ಗೀರು ಹೋಯಿತು. ಹೇಳುವುದು ಉಳಿಯಿತು. (ಎಂಥಾ ಸಾಲು! ಕತೆಗಾರ ತನ್ನ ಬೆನ್ನು ತಾನೇ ತಟ್ಟಿಕೊಂಡ.)

5
ಓದುಗರೇ, ಮುಕ್ತಾಯಗಳು ಬೇಕಾದಷ್ಟಿವೆ.

ಶಿವಪ್ರಕಾಶ ಗೀರು ಬೀಳದ ಹಾಗೆ ಬಾನೆಟ್ಟಿಗೆ ಸೆರಾಮಿಕ್ ಕೋಟಿಂಗ್ ಮಾಡಿಸುತ್ತಾನೆ. (ಬೋರಮ್ಮನ ತೋಳಿನ ಮುಂದೆ ಅದೂ ನಿಲ್ಲುವುದಿಲ್ಲ.)

ಅಥವಾ ನಾರು ಬಚ್ಚಿಡುತ್ತಾನೆ. ತೆಂಗಿನ ತೋಟದವರ ಮನೆಯಲ್ಲಿ ನಾರು ಬಚ್ಚಿಡುವ ಐಡಿಯಾ ಈ ಕತೆಗಾರನಿಗೇ ಬರಬೇಕು.

ಅಥವಾ ಶುಕ್ರವಾರ ಬೆಳಿಗ್ಗೆ, ತಾಯಿಯದೇ ಹಳೇ ಹತ್ತಿ ಸೀರೆಯ ತುಂಡು ಕೈಗಿಟ್ಟು, "ಇದ್ರಲ್ಲಿ ಒರಸಮ್ಮ, ಮೆತ್ತಗೈತೆ" ಅನ್ನುತ್ತಾನೆ. ಇದು ಕತೆಗಾರನಿಗೆ ಹಿಡಿಸಿತು. ಬರೆದೇಬಿಟ್ಟ.

ಬೋರಮ್ಮ ಬಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಮಗನನ್ನು ಏನೂ ಕೇಳಲಿಲ್ಲ. ನೇರ ಕತೆಗಾರನ ಕಡೆ ತಿರುಗಿದಳು.

"ಕತೆ ಬರಿಯೋ ಸ್ವಾಮೀ, ನನ್ ಮಗ ಬಾಯ್ ಬಿಡಾಕಿಲ್ಲ. ನೀವು ಹೇಳಿ. ನಾರು ಬ್ಯಾಡ ಅಂದ್ರೆ, ಅವತ್ತು ನಾನು ಹಾಳು ಮಾಡಿದ್ನಾ?"

ಕತೆಗಾರ 'ಇಲ್ಲಮ್ಮ' ಎಂದು ಬರೆದು ಹೊಡೆದು ಹಾಕಿದ. 'ಹೌದಮ್ಮ' ಎಂದು ಬರೆದು ಅದನ್ನೂ ಹೊಡೆದು ಹಾಕಿದ. ಶಿವಪ್ರಕಾಶನ ಕಡೆ ನೋಡಿದ. ಅವನು ಬಕೆಟ್ಟಿಗೆ ನೀರು ತುಂಬುತ್ತಿದ್ದ.

ಬಕೆಟ್ಟು ತುಂಬಿದೆ. ಬೋರಮ್ಮ ಬಟ್ಟೆಯನ್ನು ಇನ್ನೂ ಅದ್ದಿಲ್ಲ.