ಕುಂಡ್ರಿಸಿದಲ್ಲಿ ಕುಂಡ್ರಾಕಿ

ಮೈಕು ಮತ್ತೆ ಕೀಂ ಅಂದಿತು, ಆ ಹುಡುಗಿ ಅದರ ತಲೆಗೆ ಬೆರಳಿನಿಂದ ಕುಟ್ಟುತ್ತಿದ್ದಾಳೆ, ಧಾರವಾಡದಿಂದ ಬಂದ ಮಾತಿನ ತಜ್ಞೆ ಅಂತೆ ಇವಳು, ನನ್ನ ಮಗಳಿಗಿಂತ ಎರಡು ವರ್ಷ ಸಣ್ಣವಳಿರಬೇಕು, ಮುಂಜಾನೆಯಿಂದ ನಮಗೆ ಮಕ್ಕಳೆಂದರೇನು ಎಂದು ಕಲಿಸುತ್ತಿದ್ದಾಳೆ, ರೋಣದ ಈ ತಗಡಿನ ಸಭಾಭವನದಲ್ಲಿ ನಲವತ್ತು ಅಂಗನವಾಡಿ ಟೀಚರು ಬೆವರುತ್ತ ಕೂತಿದ್ದೇವೆ, ಇಪ್ಪತ್ತೆರಡು ವರ್ಷ ನಾನು ಅಬ್ಬಿಗೇರಿಯ ಮಕ್ಕಳ ಮೂಗು ಒರೆಸಿದ್ದೇನೆ, ಉಚ್ಚೆ ಬಳಿದಿದ್ದೇನೆ, ಪೋಲಿಯೋ, ತೂಕ, ಮೊಟ್ಟೆ, ಚುನಾವಣೆಯ ಚೀಟಿ, ಎಲ್ಲ ನನ್ನ ತಲೆಯ ಮೇಲೆ, ಈಗ ಇದೊಂದು — ಎರಡು ವರ್ಷಕ್ಕೆ ಎರಡು ಶಬ್ದ ಕೂಡಿಸದಿದ್ದರೆ ಅನುಮಾನಪಡಿರಿ, ಅನುಮಾನ, ನಾವೇನು ಪೊಲೀಸರೇ. ಕೊಟ್ಟ ಹಾಳೆಯಲ್ಲಿ ಮೂರು ಅಂಕಣ, ಮಗುವಿನ ಹೆಸರು, ವಯಸ್ಸು, ನೀವು ಕಂಡದ್ದು. ಇವತ್ತ ಹೆಸರು ಬರದು ಕೊಟ್ಟ ಊರಿಗೆ ಮಾತ್ರ ನಾಳೆ ಬರ್ತೀವ್ರಿ, ಬಿಟ್ರ ಮುಂದಿನ ವರ್ಷಾನ, ಎಂದಳು. ಪಕ್ಕದಲ್ಲಿ ಹೊಳೆಆಲೂರಿನ ಟೀಚರು ಸಿದ್ದವ್ವ, ಹಾಳೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದಾಳೆ, ನಮ್ಮಲ್ಲಿ ಅಂಥಾವು ಇಲ್ಲವ್ವಾ ರಾಜೇಶ್ವರಿ, ಇದ್ದದ್ದೆಲ್ಲಾ ವಟಾವಟಾ ಅನ್ನೂವ, ಒಂದಾರ ಮೂಕ ಇದ್ದಿದ್ರ ನನ್ನ ತಲಿಗೆ ಪುಣ್ಯಾ ಬರ್ತಿತ್ತು, ಎಲ್ಲರೂ ನಕ್ಕರು, ಗದ್ದಲವಾಯಿತು, ಆ ಹುಡುಗಿಯೂ ನಕ್ಕು, ಎಲ್ಲಾರೂ ಬಾಯಿ ಮ್ಯಾಲೆ ಬೆರಳ, ಟೀಚರ, ಎಂದಳು, ಚಾಷ್ಟಿಗೆ, ಭವನದ ತುಂಬ ಬೆರಳು ಎದ್ದವು, ನನ್ನದು ಏಳಲಿಲ್ಲ.

ಯಾಕೆ ಏಳಲಿಲ್ಲ, ಆಸಿಫಾ ಕಣ್ಣೆದುರು ಬಂದು ಕೂತಿದ್ದಾಳೆ ಅದಕ್ಕೆ, ಐದು ತುಂಬಿ ಮೇಲಾಯಿತು, ಎರಡು ವರ್ಷದಿಂದ ನನ್ನ ಕೇಂದ್ರಕ್ಕೆ ಬರುತ್ತಾಳೆ, ನೀರು ಬೇಕಾದರೆ ಲೋಟ ತೋರಿಸುತ್ತಾಳೆ, ಅಷ್ಟೇ, ಆದರೆ ಇಪ್ಪತ್ತೆಂಟು ಕಿರುಚುವಾಗ ಒಂದು ಸುಮ್ಮನಿದ್ದರೆ ಯಾರಿಗೆ ಬೇಡ, ಪ್ರತಿ ಶನಿವಾರ ಶಾಣ್ಯಾ ಮಗುವಿಗೆಂದು ಕೆಂಪು ಕಾಗದದ ಹೂ ಚುಚ್ಚುತ್ತೇನೆ, ಅವಳ ಅಂಗಿಗೇ ಹೆಚ್ಚು ಚುಚ್ಚಿದ್ದೇನೆ, ನೋಡ್ರಿ ಆಸಿಫಾನ್ನ, ಹಿಂಗ ಕುಂಡ್ರಬೇಕು. ಮಕ್ಕಳ ಬೆಳವಣಿಗೆ ಬರೆಯುವ ವಹಿಯಲ್ಲಿ, ವಾಕ್ಯ ಮಾಡಿ ಮಾತಾಡುತ್ತದೆ ಎಂಬಲ್ಲಿ ಸರಿ ಗುರುತು, ಎರಡೂ ವರ್ಷ, ಎಲ್ಲ ಮಕ್ಕಳಿಗೂ ಮೇಲಿಂದ ಕೆಳಗೆ ಒಂದೇ ಉಸಿರಿಗೆ ಹಾಕಿದ ಗುರುತು, ಯಾರು ಹಾಕುವುದಿಲ್ಲ ಹಾಗೆ. ಹೋದ ಸೋಮವಾರ ಅವಳ ತಾಯಿ ನಾಜಮೀನ ಉರಿಯುತ್ತ ಬಂದು ಹೊಸ್ತಿಲಲ್ಲೇ ನಿಂತಳು, ಟೀಚರ, ನನ್ನ ಮಗಳಿಗೆ ಮಾತ ಬರವಲ್ದು, ನಿಮ್ಮ ಕಣ್ಣಿಗೆ ಕಾಣವಲ್ದೇನು ಎಂದಳು, ಮನ್ಯಾಗ ಉರ್ದು ಇಲ್ಲಿ ಕನ್ನಡ, ಹುಡುಗಿ ನಡುವ ಸಿಕ್ಕೊಂಡೈತಿ, ಬಜಿ ಬೇರು ತೇಯ್ದು ನಾಲಿಗಿಗೆ ಹಚ್ಚು ಎಂದೆ, ಬಜಿ ಹಚ್ಚಿ ಹಚ್ಚಿ ನಾಲಿಗಿ ಸುಟ್ಟೈತ್ರಿ, ಅವರಣ್ಣ ಶಾಹೀದ ಎರಡೂ ಭಾಷಾ ಪಟಪಟಾ ಒದರತಾನ, ಅಂವಾ ಯಾಕ ಸಿಕ್ಕೊಳ್ಳಲಿಲ್ಲ, ಬಾಯಿಗೆ ಬಾಯಿ ಕೊಡುತ್ತಾಳೆ, ನಿನ್ನ ಮಗಳು ಬಂಗಾರದಂಥಾಕಿ, ಕುಂಡ್ರಿಸಿದಲ್ಲಿ ಕುಂಡ್ರಾಕಿ ಎಂದೆ. ಕುಂಡ್ರಿಸಿದಲ್ಲಿ ಕುಂಡ್ರಾಕ ಆಕಿ ಏನ ಜ್ವಾಳದ ಚೀಲೇನ್ರಿ, ವಾರವಾರಾ ಹೂವ ಚುಚ್ಚಿ ಕಳಸ್ತೀರಿ, ನನಗಿನ್ನೂ ಆಕಿ ಅಮ್ಮೀ ಅಂದಿಲ್ಲ. ಸೊಕ್ಕು. ಓಣಿಯ ಹೆಂಗಸರೆದುರು.

ಚೀಲ ಅನ್ನಬಾರದಿತ್ತು ಅವಳು, ಗೊತ್ತಿದ್ದು ಅಂದಳೋ, ಇಲ್ಲ, ಗೊತ್ತಾಗುವುದು ಸಾಧ್ಯವಿಲ್ಲ, ಯಾರಿಗೂ ಗೊತ್ತಿಲ್ಲ, ದೀಪಾವಳಿಗೆ ಮುಂಚಿನ ಶುಕ್ರವಾರ, ಸಹಾಯಕಿ ಬಂದಿರಲಿಲ್ಲ, ನನಗೆ ನಾಲ್ಕರ ಬಸ್ಸಿಗೆ ಗಜೇಂದ್ರಗಡಕ್ಕೆ ಹೋಗಿ ಮಗಳಿಗೆ ಸೀರೆ ತರುವ ಅವಸರ, ಬಾಯಿ ಮ್ಯಾಲೆ ಬೆರಳ ಎಂದು ಗದರಿಸಿದೆ, ಗದ್ದಲ ನಿಂತಿತು, ತಲೆ ಎಣಿಸದೆ ಸಾಲನ್ನು ಹೊರಗೆ ಹಾಕಿ ಕೀಲಿ ಜಡಿದೆ, ಬಸ್ಸು ಬರಲೇ ಇಲ್ಲ, ಒಂದು ತಾಸು ಕಾದೆ, ಕನ್ನಡಕ ಒಳಗೇ ಉಳಿದದ್ದು ನೆನಪಾಗಿ ಬಯ್ಯುತ್ತ ತಿರುಗಿ ಬಂದು ಬಾಗಿಲು ತೆಗೆದರೆ ರೇಷನ್ ಚೀಲಗಳ ನಡುವೆ ಆಸಿಫಾ. ಬೇರೆ ಯಾವ ಮಗುವಾದರೂ ಬಾಗಿಲು ಬಡಿಯುತ್ತಿತ್ತು, ಓಣಿ ಕೂಡುವಂತೆ ಚೀರುತ್ತಿತ್ತು, ನಾನು ಹಿಡಿದು ಅಲುಗಾಡಿಸಿದೆ, ಒದರಬಾರದೇನ, ಒದರಾಕ ಏನಾಗಿತ್ತು ನಿನಗ ಎಂದು ಅವಳನ್ನೇ ಬೈದೆ, ಆಮೇಲೆ ಕೈಹಿಡಿದು ಮನೆಗೆ ಒಯ್ದೆ, ನಾಜಮೀನ ಮೆಣಸಿನಕಾಯಿ ಬಿಡಿಸಿ ಹೊಲದಿಂದ ಆಗಷ್ಟೇ ಬಂದಿದ್ದಳು, ಆಟದಾಗ ಉಚ್ಚಿ ಹೊಯ್ಕೊಂಡಾಳ ನೋಡವಾ ಎಂದೆ, ಅಲ್ಲ ಎನ್ನುವವಳಿಗೆ ಮಾತಿಲ್ಲ. ಮರುದಿನ ಶನಿವಾರ, ಹೂ ಅವಳಿಗೇ ಚುಚ್ಚಿದೆ. ಧಾರವಾಡದ ಹುಡುಗಿ ಹಾಳೆ ಕೂಡಿಸುತ್ತ ಈ ಸಾಲಿಗೆ ಬಂದಳು, ನಾಳೆ ಇವರು ಬಂದು ಆಸಿಫಾಳ ಬಾಯಿ ತೆರೆಸಿದರೆ ಮೊದಲು ಏನು ಹೇಳುತ್ತಾಳೆ, ಬರೆಯದಿದ್ದರೆ ಜೂನಿಗೆ ಶಾಲೆ, ಅಲ್ಲಿಯ ಮಾಸ್ತರರ ಪಾಲು, ನನ್ನ ಕೈ ತೊಳೆದಂತೆ, ಖಾಲಿ ಕೊಟ್ಟುಬಿಡು, ಸಿದ್ದವ್ವನದೂ ಖಾಲಿ, ಎಲ್ಲರದೂ ಖಾಲಿ, ಅಬ್ಬಿಗೇರಿ ಟೀಚರ, ನಿಮ್ಮಲ್ಲೂ ಒಂದೂ ಇಲ್ಲೇನ್ರಿ ಎಂದು ಎಷ್ಟು ಮೆತ್ತಗೆ ನಗುತ್ತಾಳೆ, ಮೈ ಉರಿಯಿತು, ಆ ನಗುವಿನ ಮೇಲೆ ಎಸೆಯಲೆಂದೇ ಬರೆದೆ, ಆಸಿಫಾ, ಐದು, ಹಾಳೆ ಹರಿಯುವಂತೆ ಒತ್ತಿ, ಸಿದ್ದವ್ವ ಬಗ್ಗಿ ನೋಡಿ, ಹುಚ್ಚೀ, ನಿನ್ನ ವಹಿ ತಗಸ್ತಾರ ಅವರು, ಎಂದಳು, ತೆಗೆಸಲಿ, ಇನ್ನು ಮೂರನೆಯದು, ಏನ ಕಂಡ್ರಿ ಟೀಚರ, ಅಷ್ಟ ಬರೀರಿ ಸಾಕು, ಎಂದಳು ಹುಡುಗಿ, ಕಂಡದ್ದು, ನಾನು ಕಂಡದ್ದು, ಬಾಗಿಲಿನಿಂದ ಒಳಗೆ ಬಿದ್ದ ಇಳಿಬಿಸಿಲು, ಎರಡು ಚೀಲಗಳ ನಡುವೆ ಒದ್ದೆ ಅಂಗಿ, ನೀರಿಲ್ಲದ ಕಣ್ಣು, ಬಾಯಿ ಮೇಲೆ ಬೆರಳು, ಒಂದು ತಾಸು, ಬೆರಳ ತಗಿ ಎಂದು ನಾನು ಹೇಳಿರಲಿಲ್ಲ, ಬಾಯಿ ಮೇಲೆ ಬೆರಳು