ಬಾಗಿಲ ತಳದ ಮೂರು ತೂತು

ಕುಷ್ಟಾಚಾರಿ ಕಟ್ಟಿದ ದೋಣಿಗೆ ನೀರು ಹೊಕ್ಕಿದ್ದಿಲ್ಲ. ಈ ಮಾತನ್ನು ಊರವರಿಗಿಂತ ಅವನೇ ಹೆಚ್ಚು ಹೇಳುತ್ತಿದ್ದ ಅನ್ನಿ, ಆದರೂ ಸುಳ್ಳಲ್ಲ. ಗಂಗೊಳ್ಳಿಯಿಂದ ತ್ರಾಸಿಯವರೆಗೆ ಯಾವ ಮೀನುಗಾರನನ್ನು ಕೇಳಿದರೂ ಹೌದೆಂದು ತಲೆಯಾಡಿಸುತ್ತಿದ್ದ. ಅಂಥವನ ಚಪ್ಪರಕ್ಕೆ, ಕುಂದಾಪುರದ ಹೊಳೆಬದಿಗೆ, ಯುದ್ಧ ಮುಗಿದ ಮರುವರ್ಷದ ಬೇಸಗೆಯಲ್ಲಿ ವಕೀಲ ಶಾಮರಾಯರ ಕಾರು ಬಂದು ನಿಂತಿತು.

ಪೆಟ್ರೋಲು ಸಿಗದೆ ನಾಲ್ಕು ವರ್ಷ ಕೊಟ್ಟಿಗೆಯಲ್ಲಿ ಕೂತಿದ್ದ ವಿಲಾಯಿತಿ ಕಾರು ಅದು. ಯಂತ್ರಕ್ಕೆ ಏನೂ ಆಗಿರಲಿಲ್ಲ. ಆದರೆ ನಾಲ್ಕೂ ಬಾಗಿಲುಗಳ ಒಳಮೈಗೆ ಕೂರಿಸಿದ್ದ ರಟ್ಟಿನ ಹಲಗೆಗಳನ್ನು ಗೆದ್ದಲು ತಿಂದು ಮುಗಿಸಿತ್ತು. ಮೇಲಿನ ರೆಕ್ಸಿನ್ ಮಾತ್ರ ಜೋತುಬಿದ್ದಿತ್ತು.

"ಇದ್ಕೆ ಹೊಸ ಹಲ್ಗಿ ಕೂರ್ಸುಕೆ ಆತ್ತಾ ಕುಷ್ಟ? ಆಪುದಿಲ್ಲ ಅಂದ್ರೆ ಹೇಳ್, ಮಂಗ್ಳೂರಿಂದ ಮೇಸ್ತ್ರಿ ಕರ್ಸ್ತೆ" ಎಂದರು ಶಾಮರಾಯರು.

ಮಂಗಳೂರಿನ ಹೆಸರು ಕಿವಿಗೆ ಬಿದ್ದದ್ದೇ ಕುಷ್ಟನಿಗೆ ಮೂಗಿನ ತುದಿಗೆ ಸಿಟ್ಟು ಬಂತು. ಅಪ್ಪನ ಕಾಲದ ಉಳಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಒಡೇರೆ, ಸಮುದ್ರಕ್ಕೆ ಹೋಪ ದೋಣಿ ಮಾಡುವವ ನಾನ್. ನಾನ್ ಮುಚ್ಚಿದ್ ಬಾಗ್ಲೊಳ್ಗೆ ಒಂದ್ ಹನಿ ನೀರ್ ನಿಂತ್ರೆ ಈ ಉಳಿ ಮತ್ತೆ ಮುಟ್ಟುದಿಲ್ಲ. ಅಪ್ಪನ ಆಣೆ!"

ಗಂಜಿ ತಂದಿದ್ದ ಹೆಂಡತಿ ವನಜ ಪಾತ್ರೆಯನ್ನು ಕುಕ್ಕಿದಳು. "ಹ್ವಾಯ್, ನಿಮ್ಗೆ ತಲಿ ಸಮ ಇತ್ತಾ? ಉಳಿ ಬಿಟ್ರೆ ಮತ್ತೆಂತ ಮಾಡ್ತ್ರಿ? ಈ ಪ್ರಾಯದಗೆ ಬಲೆ ಎಳೀತ್ರ್ಯಾ?"

"ನೀರ್ ನಿಂತ್ರೆ ಅಲ್ದಾ ಮಾರಾಯ್ತಿ" ಎಂದು ಅವನು ನಕ್ಕ. ಆದರೆ ಆಡಿದ ಮಾತು ಅಷ್ಟು ಹೊತ್ತಿಗೆ ಹೊಳೆಬದಿಯ ಹತ್ತು ಜನರ ಕಿವಿಗೆ ಬಿದ್ದಾಗಿತ್ತು.

ಮರುದಿನ ಮೊದಲ ಬಾಗಿಲನ್ನು ಬಿಚ್ಚಿದ. ಹಳೆಯ ರಟ್ಟನ್ನು ಕಿತ್ತು ಒಳಗೆ ಇಣುಕಿದವನ ಬಾಯಿ ಮುಚ್ಚಲಿಲ್ಲ. ಡ್ರೈವರ್ ಶೇಖರ ಕೈಹಿಡಿಯನ್ನು ತಿರುಗಿಸಿದಾಗ ಹಲ್ಲಿನ ಚಕ್ರವೊಂದು ಮೆಲ್ಲನೆ ಹೊರಳಿತು, ಕತ್ತರಿಯಂಥ ಎರಡು ಕಬ್ಬಿಣದ ತೋಳುಗಳು ಮಡಚಿಕೊಂಡವು, ಗಾಜು ಸದ್ದಿಲ್ಲದೆ ಬಾಗಿಲ ಹೊಟ್ಟೆಗೆ ಇಳಿಯಿತು. ಮತ್ತೆ ತಿರುಗಿಸಿದರೆ ಮೇಲೆ!

"ಅಯ್ಯಬ್ಬ! ಇನ್ನೊಂದ್ಸಲ ತಿರ್ಗ್ಸ್ ಕಾಂಬ."

ಶೇಖರ ಇಪ್ಪತ್ತು ಸಲ ತಿರುಗಿಸಿ ಸುಸ್ತಾದ. ಕುಷ್ಟನಿಗೆ ಸಾಕೆನಿಸಲಿಲ್ಲ.

ಅದಕ್ಕಿಂತ ದೊಡ್ಡ ಸೋಜಿಗ ಮುಂದಿತ್ತು. ತಗಡಿನ ಹಿಂದೆ ಬಾಗಿಲಿಗೆ ಗೆದ್ದಲು ಮುಟ್ಟದ ಗಟ್ಟಿ ಮರದ ಚೌಕಟ್ಟು. ಮೂಲೆಯಲ್ಲಿ ಮರಕ್ಕೆ ಮರ ಕಚ್ಚಿಸಿದ ಜೋಡಣೆ, ಥೇಟ್ ಅವನದೇ ಪದ್ಧತಿ. ಅದರ ಪಕ್ಕ ಪೆನ್ಸಿಲಿನ ಒಂದು ಗೀಟು, ಓದಲಾಗದ ಎರಡು ಅಂಕಿ. ಏಳು ಸಮುದ್ರದಾಚೆ ಯಾವನೋ ಆಚಾರಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಎಳೆದ ಗೀಟು! ಮರಗೆಲಸದವರೆಲ್ಲ ಒಂದೇ ರೀತಿ ಗೀಟೆಳೆಯುತ್ತಾರಲ್ಲ ಎಂದು ಕುಷ್ಟನ ಮೈಯೆಲ್ಲ ಜುಮ್ಮೆಂದಿತು. ಅದನ್ನು ಬೆರಳಿಂದ ಮುಟ್ಟಲೂ ಹೆದರಿದ.

ಹೆಬ್ಬಲಸಿನ ಹಲಗೆಯನ್ನು ಕೀಸುಳಿ ಹಾಕಿ ರಟ್ಟಿನಷ್ಟೇ ತೆಳ್ಳಗೆ ಮಾಡಿದ. ಕೈಹಿಡಿಗೆ, ಚಿಲಕಕ್ಕೆ ಅಳತೆಯಾಗಿ ಕಂಡಿ ಕೊರೆದ, ಮೇಲೆ ಹೊಸ ರೆಕ್ಸಿನ್ ಎಳೆದು ಕಟ್ಟಿದ. ಇನ್ನೇನು ಕೂರಿಸಬೇಕು, ಅಷ್ಟರಲ್ಲಿ ಬಾಗಿಲ ತಳದಲ್ಲಿ ಮೂರು ತೂತು ಕಂಡವು. ಒಂದೊಂದೂ ಬೆರಳು ತೂರುವಷ್ಟು.

ಅವನಿಗೆ ನಗು ಬಂತು. "ಇಷ್ಟೆಲ್ಲ ಮಾಡ್ದವ ತಳ ಮುಚ್ಚುಕೇ ಮರ್ತಿದ್ನಲೆ, ಪಾಪ!"

ದೋಣಿ ಕಟ್ಟುವವ ತಳದಲ್ಲಿ ತೂತು ಕಂಡರೆ ಸುಮ್ಮನಿರುತ್ತಾನೆಯೇ? ಹತ್ತಿಯನ್ನು ರಾಳದ ಎಣ್ಣೆಯಲ್ಲಿ ಅದ್ದಿ, ಉಳಿಯ ಹಿಂಬದಿಯಿಂದ ಬಡಿದು ಬಡಿದು ಮೂರನ್ನೂ ಗಟ್ಟಿಯಾಗಿ ತುಂಬಿದ. ಹಲಗೆಯ ಸುತ್ತಲೂ ಅದನ್ನೇ ತುಂಬಿದ. ನಾಲ್ಕೂ ಬಾಗಿಲು ಹಾಗೆಯೇ ಮುಗಿದವು. ಆ ವಿಲಾಯಿತಿ ಆಚಾರಿಯ ಒಂದು ತಪ್ಪನ್ನು ತಿದ್ದಿದೆ ಎಂಬ ಜಂಬದಲ್ಲಿ ಆ ವಾರವಿಡೀ ಎದೆಯುಬ್ಬಿಸಿ ತಿರುಗಿದ.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಶಾಮರಾಯರು ಯಾವುದೋ ಗದ್ದೆಯ ತಕರಾರಿಗಾಗಿ ಕೊಕ್ಕರ್ಣೆಗೆ ಹೋಗಿ, ದಾರಿಯುದ್ದಕ್ಕೂ ಮಳೆ ಬಡಿಸಿಕೊಂಡು ಹಿಂದಿರುಗಿದರು. ಕಾರು ಮನೆಗೆ ಹೋಗದೆ ನೇರ ಚಪ್ಪರಕ್ಕೇ ಬಂತು. ಶೇಖರ ಇಳಿದು ಬಾಗಿಲನ್ನು ಅತ್ತಿತ್ತ ಆಡಿಸಿದ. ಒಳಗಿನಿಂದ ಗುಳುಗುಳು ಸದ್ದು.

"ಬಾಗ್ಲೊಳ್ಗೆ ಸಮುದ್ರ ತುಂಬ್ಸಿ ಕೊಟ್ಯಲ್ಲಾ ಮಾರಾಯ!" ಎಂದರು ಶಾಮರಾಯರು. ಹೊಳೆಬದಿಯ ಜನ ಸುತ್ತ ಸೇರಿದರು. ಒಬ್ಬರೂ ನಗಲಿಲ್ಲ. ಆಣೆ ಎಲ್ಲರಿಗೂ ನೆನಪಿತ್ತು.

ಕುಷ್ಟನ ಮುಖ ಬಾಡಿತು. ತಿರುಪು ಬಿಚ್ಚಿ ಹಲಗೆಯನ್ನು ಎಳೆದದ್ದೇ ತಡ, ಅರ್ಧ ಕೊಡ ನೀರು ದಬದಬನೆ ಅವನ ಕಾಲ ಮೇಲೆ ಸುರಿಯಿತು. ಎಲ್ಲಿಂದ ಬಂತು? ಕೂತು ನೋಡಿದ. ಹೊರಗಿನ ಮಳೆ ಗಾಜಿನ ಮೇಲೆ ಬೀಳುತ್ತಿತ್ತು. ಅದೇ ನೀರು ಗಾಜನ್ನು ಹಿಡಿದುಕೊಂಡೇ, ಗಾಜು ಇಳಿಯುವ ಕೂದಲೆಳೆಯಷ್ಟು ಸೀಳಿನಲ್ಲಿ ಒಳಬಂದು, ತಗಡಿನ ಮೇಲೆ ಜಾರಿ, ತಳಕ್ಕೆ ಇಳಿದು, ಅವನು ತುಂಬಿದ ಹತ್ತಿಯ ಮುಂದೆ ಬಂದು ನಿಂತುಬಿಡುತ್ತಿತ್ತು.

ಕುಷ್ಟ ಆ ಸೀಳಿನುದ್ದಕ್ಕೂ ಬೆರಳಾಡಿಸಿದ. ಗಾಜು ಇಳಿಯಬೇಕಾದರೆ ಸೀಳು ಬೇಕು. ಸೀಳಿದ್ದಮೇಲೆ ನೀರು ಬಂದೇ ಬರುತ್ತದೆ. ಅದು ಗೀಟೆಳೆದ ಆ ಆಚಾರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನೀರಿನ ಮೇಲೆ ಅವನು ಜಗಳಕ್ಕೆ ಹೋಗಲಿಲ್ಲ. ಬಾ ಎಂದ, ಹೋಗಲು ದಾರಿ ಬಿಟ್ಟ, ಅಷ್ಟೇ. ಐವತ್ತು ವರ್ಷ ನೀರನ್ನು ಹೊರಗಿಡುವುದೇ ವಿದ್ಯೆ ಎಂದುಕೊಂಡಿದ್ದವನ ಕಣ್ಣು ತುಂಬಿತು.

"ಉಳಿ ಕೊಡಿ, ಆ ಹತ್ತಿ ನಾನೇ ಕೀಳ್ತೆ. ನಿಮ್ಮ ಆಣೆ ಉಳೀಲಿ" ಎಂದು ಶೇಖರ ಕೈಚಾಚಿದ.

ಶೇಖರನ ಒರಟು ಕೈಯನ್ನೂ, ಪೆನ್ಸಿಲ್ ಗೀಟಿದ್ದ ಆ ಮರವನ್ನೂ ಕುಷ್ಟ ನೋಡಿದ. ಉಳಿ ಜಾರಿದರೆ ಗೀಟೇ ಹೋದೀತು. ವನಜ ನೀರಿನ ಕೊಡ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಅವನು ಎದ್ದು ಹೋಗಿ, ಅಪ್ಪನ ಉಳಿಯನ್ನು ಹಣೆಗೊತ್ತಿಕೊಂಡು ಕೈಗೆ ತೆಗೆದುಕೊಂಡ.

"ಕೇಣಿ ಎಲ್ರೂ. ಆಣೆ ಮುರೀತೆ. ತಪ್ಪ್ ನಂದೇ. ನಂಗಿಂತ ದೊಡ್ಡ ಆಚಾರಿ ಒಬ್ಬ ಇದನ್ನ ಮಾಡಿದ್ದ. ಅವ್ನ ಕೆಲ್ಸ ಕೆಡ್ಸಿದ್ದ್ ನಾನ್, ಸಮ ಮಾಡಿ ಕೊಡ್ಕಾದ್ದೂ ನಾನೇ. ಅಪ್ಪ ಇದ್ದಿದ್ರೆ ಅಂವ್ನೂ ಇದ್ನೇ ಹೇಳ್ತಿದ್ದ."

ಶಾಮರಾಯರು ಕೊಡೆಯನ್ನು ಅವನ ತಲೆಯ ಮೇಲೆ ಹಿಡಿದು ನಿಂತರು.

ಒಂದೊಂದೇ ಎಳೆ ಹತ್ತಿಯನ್ನು ಕಿತ್ತು ಮೂರೂ ತೂತುಗಳನ್ನು ಬಿಡಿಸಿದ. ಮತ್ತೆ ವನಜಳ ಕೈಯ ಕೊಡ ಕಸಿದು ಗಾಜಿನ ಮೇಲೆ ನೀರು ಹೊಯ್ದು, ಅಂಗಾತ ಕೆಸರಿನಲ್ಲೇ ಮಲಗಿ ಬಾಗಿಲ ತಳವನ್ನು ನೋಡಿದ. ಮೊದಲು ಒಂದು ಹನಿ, ಮತ್ತೆ ಮೂರು ತೆಳ್ಳನೆ ಧಾರೆ, ಸೀದಾ ಅವನ ಮುಖದ ಮೇಲೆ.

"ಬಂತ್! ಬಂತ್ ಕಾಣ್!"

"ಏಳಿ ಮಾರಾಯ್ರೆ, ಇನ್ನೂ ಮೂರ್ ಬಾಗ್ಲ್ ಇತ್ತ್" ಎಂದಳು ವನಜ.

"ಇರ್ಲಿ" ಎಂದ ಕುಷ್ಟ, ಮುಖ ಒರೆಸಿಕೊಳ್ಳದೆ. "ಇನ್ನೊಂದ್ ಕೊಡ ತಾ."