ಮಾಳಿಗೆ ಏರಿದ ವಾಡಿ ರಸ್ತೆ

ಅದೊಂದು ವರ್ಷದ ಬೇಸಿಗೆ. ರಾವೂರಿನ ಗೊಲ್ಲಾಳಪ್ಪನಿಗೆ ವಾಡಿ ರಸ್ತೆಯ ಮೇಲೆ ಎಲ್ಲಿಲ್ಲದ ಸಿಟ್ಟು. ಟಾಯರ್ ಗಾಲಿಯ ಎತ್ತಿನ ಬಂಡಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಹೇರಿಕೊಂಡು ವಾಡಿ ಸ್ಟೇಷನ್ನಿಗೆ ಮುಟ್ಟಿಸುವುದು ಅವನ ಕಸುಬು. ಗಾಲಿ ಗುಂಡಿಗಿಳಿದರೆ ಸಾಕು, ಕಲ್ಲು ಚಟ್ಟನೆ ಸೀಳುತ್ತಿತ್ತು.

"ಇನ್ನೊಂದು ಸಲ ಒಡಕಲು ಕಲ್ಲು ತಂದ್ರ ನಾ ಬ್ಯಾರೆ ಬಂಡಿ ನೋಡ್ಕೋತೀನಿ" ಎಂದು ಕಲ್ಲಿನ ವ್ಯಾಪಾರಿ ಅಮೀರ್ ಅಲಿ ಹೇಳಿಯೇಬಿಟ್ಟಿದ್ದರು.

ಆಗಲೇ ರಸ್ತೆ ಮೇಸ್ತ್ರಿ ಲಾಲ್ ಅಹ್ಮದ್ ಗೊಲ್ಲಾಳಪ್ಪನ ಮನೆಗೆ ಬಂದರು.

"ಹಳೇ ಟಾಯರ್ ಇದ್ರ ಕೊಡ್ರಿ ಗೊಲ್ಲಾಳಪ್ಪ. ಪುಡಿ ಮಾಡ್ಸಿ ಡಾಂಬರಿನಾಗ ಕಲಸ್ತೀವಿ. ರೋಡ್ ಭಾಳ ದಿನ ಬಾಳಿಕಿ ಬರ್ತದ."

"ತಲಿ ನೆಟ್ಟಗದ ಇಲ್ಲೋ ನಿಮ್ದು? ರಬ್ಬರ್ ರೋಡ್ ಮ್ಯಾಲ ನನ್ನ ಬಂಡಿ ಚೆಂಡಿನಂಗ ಪುಟೀತದ. ಕಲ್ಲೆಲ್ಲಾ ಹೊಲ್ದಾಗ ಬೀಳ್ತಾವ!"

"ಹಂಗಲ್ರಿ. ಬರೇ ಡಾಂಬರ್ ಬಿಸಲಿಗೆ ಕರಗ್ತದ, ಚಳಿಗೆ ಬಿರೀತದ. ರಬ್ಬರ್ ಕೂಡಿದ್ರ ಹಿಡಿತ ಬಿಡಂಗಿಲ್ಲ. ಊರ ಮುಂದಿನ ತುಂಡು ಹೋದ ವರ್ಸ ಹಂಗೇ ಹಾಕೀವಿ. ಹೋಗಿ ನೋಡ್ರಿ."

ಗೊಲ್ಲಾಳಪ್ಪ ಹೋದ, ಆದರೆ ನೋಡುವುದಕ್ಕಲ್ಲ.

ನಮ್ಮ ಕಡೆ ಮಾಳಿಗೆಗೆ, ಅಂದರೆ ಮನೆಯ ಚಾವಣಿಗೆ, ಹಾಸುವುದೂ ಫರಸಿಯೇ. ಅದರ ಸಂದಿ ಮಳೆಗೆ ಸೋರುತ್ತದೆ. ಅದಕ್ಕೇ ಜನ ಮಟಮಟ ಮಧ್ಯಾಹ್ನ ರಸ್ತೆಯಂಚಿನ ಕರಗಿದ ಡಾಂಬರು ಕೆರೆದು ತಂದು ಸಂದಿಗೆ ಮೆತ್ತುತ್ತಾರೆ. ಎಲ್ಲರೂ ಮಾಡುವುದರಿಂದ ಇದನ್ನು ಯಾರೂ ಕಳವು ಎನ್ನುವುದಿಲ್ಲ. ಆ ವರ್ಷ ಊರ ಮುಂದಿನ ತುಂಡು ಬಿಟ್ಟರೆ ಬೇರೆಲ್ಲೂ ಕೆರೆಯಲು ಏನೂ ಉಳಿದಿರಲಿಲ್ಲ.

ಗೊಲ್ಲಾಳಪ್ಪ ಅಲ್ಲಿ ಕುಕ್ಕರುಗಾಲಲ್ಲಿ ಕುಳಿತು ಕಳೆ ಕೀಳುವ ಖುರಪಿ ಹಾಕಿ ಕೆರೆದ. ಡಾಂಬರು ಬರಲಿಲ್ಲ. ಎರಡೂ ಕೈ ಹಚ್ಚಿ ಮೀಟಿದ. ಖುರಪಿಯ ಹಿಡಿ ಕಿತ್ತು ಬಂತು, ಅವನು ಅಂಗಾತ ಬಿದ್ದ. ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದ ಹೆಂಡತಿ ಭೀಮಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಗದ್ದಲ ಕೇಳಿ ಮೇಸ್ತ್ರಿಯೂ ಬಂದರು.

"ರೋಡ್ ಎಲ್ಲಿ ಹೋಯ್ತು ಅಂತ ದಿನಾ ಸರ್ಕಾರಕ್ಕ ಬೈತೀರಿ. ನಮ್ಮ ಮಾಳಿಗಿ ಮ್ಯಾಲ ಕುಂತದ ನೋಡ್ರಿ ವಾಡಿ ರೋಡ್!" ಎಂದಳು ಭೀಮಮ್ಮ.

ಗೊಲ್ಲಾಳಪ್ಪ ಧೂಳು ಜಾಡಿಸುವುದನ್ನೂ ಮರೆತ. "ಅಂದ್ರ... ನನ್ನ ಕಲ್ಲು ಒಡದಾಂವ ನಾನೇ ಏನ್ರಿ ಮೇಸ್ತ್ರಿ?"

"ನೀವೊಬ್ರೇ ಅಲ್ರಿ. ಅಂಚು ಕೆರದ್ರ ನೀರು ಒಳಗ ಇಳೀತದ. ಅಲ್ಲಿಂದಲೇ ಗುಂಡಿ ಸುರು."

ಗೊಲ್ಲಾಳಪ್ಪನಿಗೆ ನಿಜಕ್ಕೂ ನಾಚಿಕೆಯಾಯಿತು. ಕೊಟ್ಟಿಗೆಯಲ್ಲಿ ಬಿದ್ದಿದ್ದ ಸವೆದ ಟಾಯರುಗಳನ್ನು ತಾನೇ ಉರುಳಿಸಿಕೊಂಡು ಹೋಗಿ ಕೊಟ್ಟು ಬಂದ.

ಹೊಸ ರಸ್ತೆಯಾಗಿ ಒಂದು ಮಳೆಗಾಲ ಕಳೆಯಿತು. ಅಮೀರ್ ಅಲಿ ಬಂಡಿಯ ಕಲ್ಲುಗಳನ್ನು ಒಂದೊಂದಾಗಿ ಬಡಿದು ನೋಡಿದರು. ಒಂದೂ ಸೀಳಿರಲಿಲ್ಲ. "ಬ್ಯಾರೆ ಬಂಡಿ ಬ್ಯಾಡ, ನೀನೇ ತಾ" ಎಂದರು. ಗೊಲ್ಲಾಳಪ್ಪ ಖುಷಿಗೆ ಎತ್ತಿನ ಕೊರಳು ತಬ್ಬಿಕೊಂಡ.

ಅಣ್ಣಂದಿರೇ, ಅಕ್ಕಂದಿರೇ, ಸವೆದ ಟಾಯರು ಸುಡಬೇಡಿರಿ, ರಸ್ತೆ ಕೆಲಸಕ್ಕೆ ಕೊಡಿರಿ. ಮಾಳಿಗೆ ಸೋರಿದರೆ ಸುಣ್ಣದ ಗಾರೆ ಹಚ್ಚಿರಿ, ರಸ್ತೆ ಕೆರೆಯಬೇಡಿರಿ. ರಸ್ತೆ ಹಾಕುವವರು ಹಾಕಿ ಹೋಗುತ್ತಾರೆ, ಅದರ ಮೇಲೆ ದಿನವೂ ಓಡಾಡುವವರು ನಾವೇ.